ವೈನೊ ಹೇಳಿದ ಮೈಲಿಗಳು

ಡುಲೂತ್ ಊರಿನಲ್ಲಿ ಜನವರಿಯ ಒಂದು ಮಂಗಳವಾರ
ಸರೋವರ ಕಲ್ಲಾಗಿ ಮಲಗಿತ್ತು.
ರಾತ್ರಿಯಿಡೀ ಹಿಮ ಗೋರಿದ ಲಾರಿಯನ್ನು ಓಣಿಯಲ್ಲಿ ನಿಲ್ಲಿಸಿ
ವೈನೊನ ಕುರ್ಚಿಯಲ್ಲಿ ಕೂತೆ.
ಕೊರಳಿಗೆ ಬಿಳಿ ಬಟ್ಟೆ ಬಿಗಿದು
ಅವನು ಕೇಳಿದ್ದು ಕೂದಲ ಮಾತಲ್ಲ:
"ಈ ತಿಂಗಳು ದೊಡ್ಡ ಖರ್ಚು ಏನಾದರೂ ಇದೆಯಾ ಕಂಗಾಸ್?"

ಇತ್ತು. ಅಪ್ಪನ ಸಮಾಧಿಗೆ ಕಲ್ಲು.
ಬೂದು ಗ್ರಾನೈಟು, ಹೆಸರು, ಎರಡು ಇಸವಿ,
ನಡುವೆ ಒಂದು ಗೀಟು.
ಗೀಟಿಗೂ ಅಕ್ಷರದ ದರವೇ ಅಂದಿದ್ದ ಕಲ್ಲಿನವನು.
ಎಲ್ಲ ಸೇರಿ ಮೂರು ಸಾವಿರದ ಇನ್ನೂರು ಡಾಲರು.

"ನಗದು ಕೊಡಬೇಡ," ವೈನೊನ ಕತ್ತರಿ ಗಾಳಿಯಲ್ಲೇ ನಿಂತಿತು.
"ನೀಲಿ ಕಾರ್ಡು ಮಾಡಿಸು. ಮೂರು ತಿಂಗಳಲ್ಲಿ ಮೂರು ಸಾವಿರ ದಾಟಿದರೆ
ಅರವತ್ತು ಸಾವಿರ ಮೈಲಿ.
ಕಂತಿಗೆ ಕೈ ಹಾಕಬೇಡ, ಬಿಲ್ಲು ಬಂದ ದಿನವೇ ತೀರಿಸು.
ಅರ್ಜಿಯಲ್ಲಿ ನನ್ನ ಈ ಸಂಖ್ಯೆ ಬರಿ. ನಿನ್ನಿಂದ ನನಗೆ ಹತ್ತು ಸಾವಿರ ಬರುತ್ತೆ.
ಮುಚ್ಚಿಟ್ಟ ಅಂತ ನಾಳೆ ಬಯ್ಯಬೇಡ."

ಸಾವಿನ ಮನೆಯ ಮೈಲಿ.
ಅದಕ್ಕೂ ಮೈಲಿಗೆ ಉಂಟೇ?
ಕೇಳಬೇಕೆನಿಸಿತು.
ಕತ್ತರಿ ಕಿವಿಯ ಪಕ್ಕದಲ್ಲಿತ್ತು, ಸುಮ್ಮನಾದೆ.

ಗೋಡೆಯ ತುಂಬ ಅವನು ಹೋದ ಊರುಗಳು, ಪೆನ್ಸಿಲಿನಲ್ಲಿ:
ಲಿಸ್ಬನ್: ಅಕ್ಟೋಬರಿನಲ್ಲಿ ಅಗ್ಗ.
ಒಸಾಕಾ: ಹನ್ನೊಂದು ತಿಂಗಳು ಮೊದಲೇ ಕಾಯ್ದಿರಿಸಿ, ರಾತ್ರಿ ಎದ್ದು ಕೂತು.
ಓದಿದೆ. ನಂಬಲಿಲ್ಲ.
ಮದ್ದು ಮಾರುವವನ ಹತ್ತಿರವೇ
ನನಗೆ ಜ್ವರ ಇದೆಯಾ ಎಂದು ಕೇಳಿದ ಹಾಗಾಗುತ್ತದೆ,
ಅಂದುಕೊಂಡೆ.

ಆಮೇಲೆ ಬಂದವನು ಕೋಲ್ಟನ್,
ಮೀನಿಗೆ ಹೊಗೆ ಹಾಕುವ ಅಂಗಡಿಯ ಹುಡುಗ.
ಮೈಯೆಲ್ಲ ಮೇಪಲ್ ಹೊಗೆ, ಬಾಯಿ ತುಂಬ ಹವಾಯಿ.
"ನನಗೂ ಆ ನೀಲಿ ಕಾರ್ಡು ಕೊಡಿಸು, ವೈನೊ."
"ಹೋದ ತಿಂಗಳ ಬಿಲ್ಲಿನಲ್ಲಿ ಎಷ್ಟು ಉಳಿಸಿಕೊಂಡೆ?"
ಹುಡುಗ ನೆಲ ನೋಡಿದ.
ನೆಲದಲ್ಲಿ ನನ್ನ ನರೆತ ಕೂದಲಿತ್ತು.
"ಎಷ್ಟು?"
"ಒಂಬೈನೂರು. ಇರಬಹುದು. ಸಾವಿರ."
ವೈನೊ ಚೀಟಿಯನ್ನು ಡ್ರಾಯರಿಗೆ ಹಾಕಿದ,
ಅದರ ಜೊತೆ ತನ್ನ ಹತ್ತು ಸಾವಿರವನ್ನೂ ಹಾಕಿ ಮುಚ್ಚಿದ.
"ಬೇಡ. ನಿನಗಿದು ಬೇಡ.
ಬಡ್ಡಿಯ ರೆಕ್ಕೆ ವಿಮಾನದ್ದಕ್ಕಿಂತ ದೊಡ್ಡದು."

ಬಾಗಿಲವರೆಗೆ ಹೋಗಿದ್ದವನು
ತಿರುಗಿ ಬಂದು ಆ ಸಂಖ್ಯೆ ಬರೆದುಕೊಂಡೆ.

ಜೂನಿನಲ್ಲಿ ಊಲುವಿಗೆ ಹಾರಿದೆ.
ತಾತ ಬಿಟ್ಟು ಬಂದ ಬಂದರು ಅದು.
ಅಪ್ಪ ಒಮ್ಮೆಯೂ ವಿಮಾನ ಹತ್ತಿರಲಿಲ್ಲ,
ಅವನ ಕಲ್ಲು ನನ್ನನ್ನು ಹೊತ್ತು ತಂದಿತ್ತು.
ಹನ್ನೊಂದಾದರೂ ಮುಳುಗದ ಸೂರ್ಯ.
ಚರ್ಚಿನ ಹಿಂದೆ ಕಂಗಾಸ್ ಎಂಬ ಹೆಸರಿನ ಏಳು ಕಲ್ಲು,
ಯಾರು ಯಾರಿಗೆ ಏನಾಗಬೇಕೋ.
ಎಲ್ಲದರಲ್ಲೂ ಅದೇ ಗೀಟು.
ಒಂದರ ಮೇಲಿನ ಪಾಚಿ ಉಗುರಿನಿಂದ ಕೆರೆದು ಬಂದೆ.

ಜುಲೈಯಲ್ಲಿ ಮತ್ತೆ ಅದೇ ಕುರ್ಚಿ.
"ನೀನು ಹೇಳಿದ್ದು ಸುಳ್ಳು," ಅಂದೆ.
"ತೆರಿಗೆ ಚಿಲ್ಲರೆ ಅಂದಿದ್ದೆ. ಇನ್ನೂರ ಹದಿನಾಲ್ಕು ಡಾಲರು ಕಿತ್ತರು.
ಹೆಲ್ಸಿಂಕಿಯ ಬೆಂಚಿನ ಮೇಲೆ ಒಂಬತ್ತು ಗಂಟೆ ಕೂತೆ."

ಅವನು ವಾದ ಮಾಡಲಿಲ್ಲ.
ಬಾಚಣಿಗೆ ಬಾಯಲ್ಲಿ ಕಚ್ಚಿ, ಕಿವಿಯ ಹಿಂದಿನ ಪೆನ್ಸಿಲು ತೆಗೆದು
ಗೋಡೆಯತ್ತ ಹೋದ.
'ಫಿನ್ಲೆಂಡ್: ತೆರಿಗೆ ಚಿಲ್ಲರೆ' ಎಂಬುದರ ಮೇಲೆ ಅಡ್ಡ ಎಳೆದ.
ಅಳಿಸಲಿಲ್ಲ, ತಪ್ಪು ಕಾಣುವ ಹಾಗೆ ಬಿಟ್ಟ.
ಕೆಳಗೆ ಬರೆದ: 214.
"ಬೆಂಚು ಎಷ್ಟು ಹೊತ್ತು ಅಂದೆ?"
"ಒಂಬತ್ತು."
ಅದನ್ನೂ ಬರೆದ.

ಸರದಿಯಲ್ಲಿ ಕೂತಿದ್ದ ಹೆಂಗಸೊಬ್ಬಳು,
ಮಗನ ಕ್ಷೌರಕ್ಕೆ ಬಂದವಳು,
ಕನ್ನಡಕ ಏರಿಸಿ ಎದ್ದು ಹೋಗಿ
ಗೋಡೆ ಓದತೊಡಗಿದಳು.