ಹಾಸು ಹೂಡಿದ ಮಗ್ಗ

ರಾಯದುರ್ಗದಿಂದ ಬಂದ ನೋಟೀಸು ತೆಲುಗಿನಲ್ಲಿತ್ತು.
ಮೊಳಕಾಲ್ಮೂರಿನಲ್ಲಿ ತೆಲುಗು ಬಾರದವರು ಯಾರು?
ನಮ್ಮತ್ತೆ ಬೈಯುತ್ತಿದ್ದದ್ದೇ ತೆಲುಗಿನಲ್ಲಿ.
ಬರೆದದ್ದನ್ನು ಮಾತ್ರ ಓದಲಾರೆ.
ಕಂಡಿಕೆ ಸುತ್ತುವ ಈರಕ್ಕನ ಅಳಿಯ ಓದಿ ಹೇಳಿದ:
ನಾಲ್ಕು ಸಾವಿರ ಭಾರವಾಯಿತಂತೆ ನಾಗಭೂಷಣನಿಗೆ,
ಎರಡಕ್ಕೆ ಇಳಿಸಬೇಕಂತೆ.
ಜೀನ್ಸು ಹೊಲಿಯುವಾಗ ಬೆರಳಿಗೆ ಸೂಜಿ ಹೊಕ್ಕಿದೆಯಂತೆ.

ಹೊಕ್ಕಿರಬಹುದು. ಸುಳ್ಳು ಎನ್ನಲಾರೆ.

ಇಲ್ಲಿಂದ ಅಲ್ಲಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ.
ನಡುವೆ ಒಂದು ಕಲ್ಲು, ಎರಡು ಬ್ರಾಂದಿ ಅಂಗಡಿ,
ಅತ್ತಲೂ ಇತ್ತಲೂ ಒಂದೇ ಕೆಂಪು ಮಣ್ಣು.
ಕಂಡಕ್ಟರು ಕೆಮ್ಮಿ,
"ಬಿಟ್ಟಿ ಟಿಕೆಟ್ಟು ಇಲ್ಲೀತನಕ, ಮುಂದಕ್ಕೆ ಕಾಸು ತೆಗಿಯಮ್ಮ" ಅಂದ.
ಆ ಕಲ್ಲು ಅಲ್ಲಿದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಹಿಂದಿನ ಸಂಜೆ ವಕೀಲ ಓಬಣ್ಣನವರು ಹೇಳಿದ್ದರು:
"ಆದೇಶ ಮಾಡಿದ ಕೋರ್ಟೇ ತಿದ್ದಬೇಕು, ಅಂಬಕ್ಕ.
ಏರಿಸೋದೂ ಇಲ್ಲೇ, ಇಳಿಸೋದೂ ಇಲ್ಲೇ.
ಕೊಡದೇ ಇದ್ದರೆ ವಸೂಲಿಗೆ ಮಾತ್ರ
ಅವನಿರೋ ಊರಿನ ಕೋರ್ಟಿಗೂ ಹೋಗಬಹುದು."
ಎರಡು ಸಲ ಹೇಳಿದರು.
ನಾನು ತಲೆಯಾಡಿಸಿದ್ದು ಮನೆಗೆ ಬಂದ ಮೇಲೆ, ಒಬ್ಬಳೇ:
ಹಾಸು ಹೂಡಿದ ಮಗ್ಗದಲ್ಲೇ ಎಳೆ ತಿದ್ದಬೇಕು;
ಬಾಕಿ ದುಡ್ಡನ್ನು ಸಾಹುಕಾರ ಯಾವ ಪೇಟೆಯಲ್ಲಿದ್ದರೆ
ಅಲ್ಲಿಗೇ ಹೋಗಿ ಕೇಳಬಹುದು.

ಅಲ್ಲಿ ನನ್ನ ಹೆಸರನ್ನು ಮೂರು ಸಲ ಕೂಗಿದರು,
ಮೂರೂ ಸಲ ಬೇರೆ ಬೇರೆಯಾಗಿ.
ಅವನು ಕಿಟಕಿಯ ಕಡೆ ನೋಡುತ್ತಿದ್ದ.
ಬೆರಳಿಗೆ ನಿಜವಾಗಿಯೂ ಪಟ್ಟಿ.
ನ್ಯಾಯಾಧೀಶೆ ನನ್ನ ತಂಗಿಯ ವಾರಿಗೆಯವಳು,
ಕಾಗದ ತಿರುವಿ, ಕನ್ನಡಕ ತೆಗೆದು,
ಇದು ನಮ್ಮ ಕೈಲಿಲ್ಲ, ಮೊಳಕಾಲ್ಮೂರಿಗೇ ಹೋಗಿ ಎಂದಳು.
ಎರಡು ನಿಮಿಷದ ಮಾತು.
ಹೋದದ್ದು ಎರಡು ದಿನದ ಕೂಲಿ.

ಹೊರಗೆ ಬೇವಿನ ಕೆಳಗೆ ಅವನು ಕೇಳಿದ, ಕನ್ನಡದಲ್ಲಿ:
"ಹೇಮಾ ಈಗ ಎಷ್ಟನೇ ಕ್ಲಾಸು?"
ಎಂಟು, ಅಂದೆ.
ಆದೇಶವಾದಾಗ ಅಂಗನವಾಡಿಯಲ್ಲಿದ್ದಳು.
ಅವಳು ಬೆಳೆದಳು; ನಾಲ್ಕು ಸಾವಿರ ಅಲ್ಲೇ ನಿಂತಿದೆ,
ಅವತ್ತು ಹೊಲಿಸಿದ ಲಂಗದ ಹಾಗೆ.
ಇದನ್ನೆಲ್ಲ ಅವನಿಗೆ ಹೇಳಲಿಲ್ಲ. ಬಸ್ಸು ಬಂತು.

ಇನ್ನು ಅವನು ಇಲ್ಲಿಗೆ ಬರಬೇಕು, ಇಳಿಸಿ ಎನ್ನಲು.
ನಾನೂ ಒಂದು ಅರ್ಜಿ ಬರೆಸಿದ್ದೇನೆ, ಏರಿಸಿ ಎಂದು.
ಎರಡಕ್ಕೂ ಒಂದೇ ತಾರೀಖು ಕೊಟ್ಟರೆ ಒಳ್ಳೆಯದು,
ಮಗ್ಗ ಒಂದೇ ದಿನ ನಿಲ್ಲುತ್ತದೆ.
ಅಷ್ಟರಲ್ಲಿ ಆ ಬೆರಳು ವಾಸಿಯಾಗಿರಲಿ.
ಪಟ್ಟಿ ಕಟ್ಟಿದ ಕೈಯೆದುರು
ಹೆಚ್ಚಿಗೆ ಕೇಳುವುದು ಕಷ್ಟ.