ನಾಳೆಗೆಷ್ಟು

ಬೆಳಗಿನ ಐದೂವರೆ. ಮೇಕನ್ ಊರಿನ್ನೂ ಕಣ್ಣುಜ್ಜಿಲ್ಲ.
ಪೆಟ್ರೋಲ್ ಬಂಕಿನ ಅಂಗಡಿಯ ಷಟರ್ ಎತ್ತುವ ಮೊದಲೇ
ಹೊರಗೆ ಸಾಲು. ಹಾಲಿಗಲ್ಲ, ಸಿಗರೇಟಿಗಲ್ಲ,
ಪೇಪರಿಗೆ.

ದಿನಾ ಬರುವುದು ಹನ್ನೆರಡು ಪ್ರತಿ.
ಏಳು ಹೋದರೆ ಹೆಚ್ಚು. ಉಳಿದದ್ದರಲ್ಲಿ
ನಾನು ಬಾಗಿಲ ಗಾಜು ಒರೆಸುತ್ತೇನೆ.

ಮೊದಲು ನಿಂತವನು ಸಿಟಿ ಬಸ್ಸಿನ ಲೂಷಿಯಸ್.
ಎರಡು ವರ್ಷದಿಂದ ಅದೇ ಕಾಫಿ, ಅದೇ ಹವಾಮಾನದ ಮಾತು.
ಇವತ್ತು ಮಾತಿಲ್ಲ. ಚಿಲ್ಲರೆ ಎಣಿಸಿದ, ತಪ್ಪಿದ,
ಮತ್ತೆ ಎಣಿಸಿದ. ಟೋಪಿ ತೆಗೆದು
ಮುಖಕ್ಕೆ ಒತ್ತಿಕೊಂಡ.
ಹಿಂದೆ ನಿಂತವರು ಯಾರೂ
ಬೇಗ ಅನ್ನಲಿಲ್ಲ.

ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದ ಡೆಲ್ಫೀನ್
ಐದು ಕೊಡು ಅಂದಳು. ಒಂದು ಅಮ್ಮನಿಗೆ,
ಒಂದು ಇನ್ನೂ ಹುಟ್ಟದ ಮೊಮ್ಮಗುವಿಗೆ,
ಮಿಕ್ಕ ಮೂರು
ಯಾರಿಗೋ, ಇರಲಿ ಕೊಡು.

ಟೈರ್ ಅಂಗಡಿಯ ಹಾಯ್ಟ್ ಮಾತ್ರ
ಮೊದಲ ಪುಟವನ್ನು ಕೌಂಟರಿಗೆ ಬೋರಲು ಹಾಕಿ
ಆಟದ ಪುಟ ಓದಿದ, ಕಾಸು ಕೊಡದೆ.
ತೋಟಾ ಮಾರ್ತೀಯಾ ಅಂದ. ಇಲ್ಲ ಅಂದೆ.
ಬಾಗಿಲಲ್ಲಿ ನಿಂತು, ನನಗಲ್ಲ, ಬಾಗಿಲಿಗೆ ಹೇಳಿದ:
'ನನ್ನ ಮಗಳು ಅವನಿಗೇ ಓಟು ಹಾಕಿದಾಳೆ.
ರಾತ್ರಿಯಿಂದ ಮಾತಿಲ್ಲ.'
ಯಾರು ಬಿಟ್ಟದ್ದು ಮಾತು, ನಾನು ಕೇಳಲಿಲ್ಲ.

ನನಗೆ ಓಟಿಲ್ಲ. ಕಾಗದ ಇನ್ನೂ
ಯಾವುದೋ ಕಚೇರಿಯ ಯಾವುದೋ ಮೇಜಿನ ಮೇಲಿದೆ.

ಗದಗಿನಿಂದ ಸೋದರತ್ತೆಯ ಫೋನು:
'ಅಲ್ಲವಾ, ಕರಿಯಾ ಗೆದ್ನಂತಲ್ಲ?
ನಿಮ್ಮ ಕಡೆ ಏನ್ ಗದ್ಲ ಇಲ್ಲ ಹೌದಿಲ್ಲೋ?
ಬಾಗ್ಲಾ ಹಾಕ್ಕೊಂಡು ಇರವಾ.'

ಇದೇ ಅತ್ತೆ, ನನ್ನ ತೋಳಿಗೆ
ಹದಿನಾಲ್ಕು ವರ್ಷ ಕಡಲೆಹಿಟ್ಟು ತಿಕ್ಕಿದವಳು.
ಕಸ್ತೂರಿನೂ ಕಪ್ಪಲ್ಲೇನು ಅಂತ ಕಣ್ಣೊರೆಸಿ,
ಗಂಡಿನ ಕಡೆಯವರು ಮುಖ ಸಿಂಡರಿಸಿದ ಸಂಜೆ
ಎರಡು ತೊಲ ಏರಿಸಿ ಮಾತು ಮುಗಿಸಿದವಳು.
ಕಪ್ಪಿಗೆ ಕಪ್ಪ.
ನಮ್ಮ ಬರಹದಲ್ಲಿ ಅವೆರಡಕ್ಕೂ
ಒಂದು ಕೊಂಬಿನ ಅಂತರ, ಅಷ್ಟೆ.

ಹೂಂ ಅತ್ತೆ, ಗೆದ್ದ, ಅಂದೆ.
ಬಾಗಿಲು ತೆರೆದೇ ಇತ್ತು.

ಮಿಸೆಸ್ ವರ್ಡೆಲ್ ಗ್ಲೋವರ್ ಬಂದಾಗ ಎಂಟು ಗಂಟೆ,
ಪೇಪರು ಮುಗಿದು ಎರಡು ತಾಸು.
ಎಂಬತ್ತೊಂದರ ಕಾಲು, ಭಾನುವಾರದ ಹ್ಯಾಟು, ಬುಧವಾರ.
ಇಲ್ಲವೆಂದರೆ ಬೇಸರಿಸಲಿಲ್ಲ. ಕೌಂಟರಿನ
ಪೆಪ್ಪರಮಿಂಟಿನ ಜಾಡಿಗೆ ಬೆರಳು ಕುಟ್ಟಿ
ಇದರಲ್ಲಿ ಎಷ್ಟಿವೆ ಅಂದಳು.
ಎಣಿಸಿಲ್ಲ ಅಂದೆ.

'ನಮ್ಮಪ್ಪನಿಗೂ ಗೊತ್ತಿರಲಿಲ್ಲ.
ಓಟಿನ ಪಟ್ಟಿಗೆ ಹೆಸರು ಬರೆಸಲು ಹೋದರೆ
ಗುಮಾಸ್ತ ಇಂಥದೇ ಜಾಡಿ ಮುಂದಿಟ್ಟ.
ಸರಿಯಾಗಿ ಹೇಳಿದರೆ ಹೆಸರು.
ಅಪ್ಪ ಮುನ್ನೂರು ಅಂದ.
ಅಲ್ಲ ಅಂದ ಗುಮಾಸ್ತ.
ಅವನೂ ಎಣಿಸಿರಲಿಲ್ಲ.'

ಜಾಡಿ ಬೋರಲಾಯಿತು. ಲಾಟರಿ ಚೀಟಿ ಸರಿಸಿ
ನಾವಿಬ್ಬರೂ ಹತ್ತು ಹತ್ತರ ಗುಡ್ಡೆ ಮಾಡಿದೆವು.
ಶಾಲೆಗೆ ಹೊರಟ ಹುಡುಗನೊಬ್ಬ, ಬೆನ್ನಲ್ಲಿ ಚೀಲ,
ಏನು ಸಮಾಚಾರ ಅಂದ. ಹೇಳಿದೆವು.
'ಮೊದಲನೆಯವನಾ? ಮುಂಚೆ ಯಾರೂ ಆಗಿರಲಿಲ್ವಾ?
ಯಾಕೆ?'
ಉತ್ತರಕ್ಕೆ ಕಾಯದೆ ಒಂದನ್ನು ಬಾಯಿಗೆ ಹಾಕಿಕೊಂಡ.

ನೂರಾ ನಲವತ್ತೋ, ಐವತ್ತೋ. ಲೆಕ್ಕ ತಪ್ಪಿತು.
ಮಿಸೆಸ್ ಗ್ಲೋವರ್ ನಕ್ಕಳು, ಹ್ಯಾಟು ಜಾರುವಷ್ಟು;
ನಕ್ಕು ನಕ್ಕು ಕೌಂಟರು ಹಿಡಿದುಕೊಂಡಳು;
ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.
ಸ್ಟೂಲು ಕೊಟ್ಟೆ. ನೀರು ಕೊಟ್ಟೆ.
ಹುಡುಗ ಬಸ್ಸು ತಪ್ಪಿಸಿಕೊಂಡ.

ಮಧ್ಯಾಹ್ನ ಪೇಪರಿನವನ ಫೋನು:
ನಾಳೆಗೆಷ್ಟು? ಐವತ್ತು ಕಳಿಸಲಾ?
ಹನ್ನೆರಡೇ ಸಾಕು ಅಂದೆ.
ನಾಳೆ ಗುರುವಾರ.

ಬಾಗಿಲ ಗಾಜಿನ ತುಂಬ ಬೆರಳಚ್ಚು,
ಬೆಳಗಿನ ಸಾಲಿನಲ್ಲಿ ಒಳಗೆ ಇಣುಕಿದವರದು.
ಹಾಯ್ಟನದೂ ಇರಬೇಕು ಅದರಲ್ಲಿ.
ಒರೆಸಲು ಇವತ್ತು ಪೇಪರಿಲ್ಲ.