ಹೇಂಟೆ ಸಿಳ್ಳೆ ಹಾಕಿದ ವಾರ

ಗುರುವಾರ ಕಳೆಯಿತು ಕಜೆತಾನ್ ಮಾಮನ ಕಿವಿ.
ಕಿವಿಯೆಂದರೆ ಕಿವಿಯಲ್ಲ, ಹುಣಸೆಬೀಜದಷ್ಟು ಮಿಶಿನ್ನು;
ಮಗಳು ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡಿ
ಕಂತಿನಲ್ಲಿ ಕೊಡಿಸಿದ್ದು.

ಸೆರಾಫಿನ್ ಬಾಯಿ ಹಾಡುಹಗಲೇ ಟ್ಯೂಬ್‌ಲೈಟು ಹಚ್ಚಿ
ಮಂಚ ಸರಿಸಿ, ಅಕ್ಕಿ ಡಬ್ಬ ಬೋರಲು ಹಾಕಿ
ಹಿತ್ತಲ ಮೋರಿಯವರೆಗೂ ಗುಡಿಸಿದರು.
ಪೊರಕೆ ನನ್ನ ಕೈಗೆ ಕೊಡಲಿಲ್ಲ.
ನನ್ನ ಸೆರಗಿನ ಗಂಟಿನ ಮೇಲೆ ಒಂದು ಸಲ,
ಒಂದೇ ಸಲ, ಅವರ ಕಣ್ಣು ಕೂತು ಎದ್ದಿತು.
ಹನ್ನೊಂದು ವರ್ಷದಿಂದ ಈ ಮನೆಯ ಪಾತ್ರೆ ತಿಕ್ಕುತ್ತೇನೆ.
ಗಂಟಿನಲ್ಲಿದ್ದದ್ದು
ಹೊಳೆ ದಾಟಿ ಮನೆ ಸೇರಲು ಸಿಟಿಬಸ್ಸಿನ ಚಿಲ್ಲರೆ.

ಶನಿವಾರ ಬೂದಿ ತರಲು ಹಿತ್ತಲಿಗೆ ಹೋದರೆ
ಕಾವಿಗೆ ಕೂತ ಹೇಂಟೆ ಸಿಳ್ಳೆ ಹಾಕಿತು.
ಸಣ್ಣಗೆ, ಕುಕ್ಕರು ಇನ್ನೇನು ಕೂಗಬೇಕು ಅನ್ನುವ ಹಾಗೆ.
ಮಾಮ ಕಿವಿಗೆ ಅಂಗೈ ಮುಚ್ಚಿದಾಗೆಲ್ಲ ಬರುವ ಸದ್ದು.
ನನಗೆ ಗೊತ್ತಾಯಿತು.
ಬೂದಿ ತುಂಬಿಕೊಂಡು ಒಳಗೆ ಬಂದೆ.
ಹುಡುಕಲಿ, ಅಂದೆ ಬಾಯೊಳಗೆ,
ಇನ್ನೊಂದು ಸಲ ಗುಡಿಸಲಿ.

ಮಾಮ ಎಲ್ಲರ ತುಟಿ ನೋಡುತ್ತ ಕೂತಿದ್ದರು,
ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದುವವರ ಹಾಗೆ.
ನನ್ನ ತುಟಿಯನ್ನೂ ನೋಡಿದರು.
ಬಿಗಿದುಕೊಂಡೆ.

ಸೋಮವಾರ ಚೆಂಡು ಹುಡುಕಲು ನುಗ್ಗಿದ ತಿಪ್ಪೇಶಿ
ಮೊಟ್ಟೆಗಳ ನಡುವೆ ಕೈ ಹಾಕಿ ಕಿರುಚಿದ.
ಆಮೇಲೆ ಕೇಳಬೇಕೆ!
ಬರಿಗಾಲಲ್ಲಿ ಓಣಿಗಿಳಿದರು ಬಾಯಿ,
ಸಿಕ್ತು, ಬನ್ನಿರೇ, ಸಿಕ್ತು!
ಇಸ್ತ್ರಿ ಮುರುಗೇಶಿ ಬಂದ, ಅಗರಬತ್ತಿ ಹೊಸೆಯುವ ಶಮೀಮ್ ಬಂದಳು,
ಮಾತು ಬಿಟ್ಟು ಮೂರು ವರ್ಷವಾದ ಎದುರುಮನೆ ಮೇಷ್ಟ್ರೂ
ಕನ್ನಡಕ ಒರೆಸುತ್ತ ಬಂದರು.
ಸನ್ನ ಬೆಂದಿತು, ತುಂಗೆಯ ಮೀನು ಕುದಿಯಿತು.
ಹೇಂಟೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.
ನನ್ನ ಕಿವಿಗೆ ಕಾವು ಕೊಟ್ಟ ತಾಯಿ ಅದು, ಅಂದರು ಮಾಮ.

ಫಾದರು ಒಂದು ಕತೆ ಹೇಳಿದರು:
ಹತ್ತು ನಾಣ್ಯದಲ್ಲಿ ಒಂದು ಕಳೆದವಳು
ದೀಪ ಹಚ್ಚಿ ಗುಡಿಸಿ, ಸಿಕ್ಕ ಕೂಡಲೇ ಓಣಿಯನ್ನೇ ಕರೆದಳಂತೆ.
ಕರೆದ ಖರ್ಚು ನಾಣ್ಯಕ್ಕಿಂತ ಜಾಸ್ತಿಯೇ ಆಗಿರಬೇಕು,
ಸಂತೋಷಕ್ಕೆ ಎಲ್ಲಿ ಲೆಕ್ಕ ಬರುತ್ತದೆ, ಅಂತ ನಕ್ಕರು.
ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.
ಆ ಮನೆಗೂ ಪಾತ್ರೆ ತಿಕ್ಕುವವಳು ಒಬ್ಬಳಿದ್ದಳೋ?
ಅವಳ ಸೆರಗನ್ನು ಯಾರಾದರೂ ನೋಡಿದ್ದರೋ?
ಅದನ್ನು ಹೇಳಲಿಲ್ಲ ಫಾದರು.

ಕೈಯೆಲ್ಲ ಅಕ್ಕಿಹಿಟ್ಟು, ಬಾಯಿ ಹೊರಗೆ ಬಂದರು.
ಹಾಲಮ್ಮಾ, ನಿನ್ನನ್ನೇ ಮೊದಲು ಕರೀಬೇಕಿತ್ತು. ಗುರುವಾರ ನಾನು...
ಮುಗಿಸಲಾಗಲಿಲ್ಲ ಅವರಿಗೆ.
ಶನಿವಾರ ನಾನು... ಅಂದೆ.
ನನಗೂ ಆಗಲಿಲ್ಲ.
ಹಿಟ್ಟಿನ ಕೈಯಲ್ಲೇ ನನ್ನ ಮೊಣಕೈ ಹಿಡಿದು ಒಳಗೆ ಎಳೆದರು.

ಒಳಗೆ ಗೋಡೆಯ ಕಡೆ ತಿರುಗಿ,
ಕಿವುಡರ ಮನೆಯಲ್ಲಿ ಮಾತಾಡಿ ಅಭ್ಯಾಸವಾದ ಹಾಗೆ,
ಮೆಲ್ಲಗೆ ಅಂದುಬಿಟ್ಟೆ:
ಶನಿವಾರವೇ ಗೊತ್ತಿತ್ತು ಮಾಮಾ, ಹೇಳಲಿಲ್ಲ.

ಕೇಳಿಸ್ತು, ಅಂದರು ಬೆನ್ನ ಹಿಂದಿನಿಂದ.
ಮಣೆ ಸರಿಸಿದ ಸದ್ದಾಯಿತು.
ಕೂತ್ಕೋ. ಸನ್ನ ಆರುತ್ತೆ.

ಅವತ್ತು ಮೂವತ್ತೊಂದು ತಟ್ಟೆ.
ತಿಕ್ಕಿದ್ದು ನಾನು.
ತೊಳೆದು ಒರೆಸಿ ಇಟ್ಟದ್ದು ಸೆರಾಫಿನ್ ಬಾಯಿ.